ಬಾಲದ ಬುಡದ ಬಿಳಿ ಬಳೆ

ಹಳದಿ ಗೆರೆ, ಕಲ್ಲಿನ ಹಿಂದಿನಿಂದ ಅರ್ಧ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು, ಹಳದಿ, ನೀಲಿ, ಹಳದಿ, ನೀಲಿ, ಯಾರೋ ಅಡಿಪಟ್ಟಿ ಇಟ್ಟು ಎಳೆದ ಹಾಗೆ ಉದ್ದುದ್ದ ಗೆರೆ, ಕಣ್ಣಿನ ಮೇಲೊಂದು ಕಪ್ಪು ಪಟ್ಟಿ ಬೇರೆ — ಇದು ತನ್ನ ಮೀನಲ್ಲ. ಮೊನ್ನೆ ಖರಾಡಿಯ ಮಗಳ ಮನೆಯಿಂದ ಸದಾಶಿವ ಪೇಠದ ತನ್ನ ಮನೆಗೆ ಬಂದು ಇಳಿದಾಗಲೂ ಮೋಹನದಾಸರಿಗೆ ಹೀಗೇ ಅನಿಸಿತ್ತು, ನಿನ್ನೆಯೂ ಅನಿಸಿತ್ತು, ಇವತ್ತು ಬೆಳಿಗ್ಗೆ ಗಂಜಿ ಕುಡಿದು, ಬೆತ್ತದ ಕುರ್ಚಿಯನ್ನು ಗಾಜಿನ ತೊಟ್ಟಿಯ ಎದುರಿಗೇ ಎಳೆಸಿಕೊಂಡು, ಕೆಮ್ಮು ಬಂದರೆ ಎದೆಗೆ ಒತ್ತಿ ಹಿಡಿಯಲಿಕ್ಕೆ ಆಸ್ಪತ್ರೆಯವರು ಕೊಟ್ಟ ಪುಟ್ಟ ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ ಮೇಲೆ ಖಾತ್ರಿಯೇ ಆಯಿತು. ತನ್ನ ಮೀನು ಶಾಯಿಯ ಬಣ್ಣದ್ದು, ಕಡುನೀಲಿ, ಮೈತುಂಬ ಬಿಳಿ ಬಳೆಗಳು, ಒಂದರೊಳಗೆ ಒಂದು, ಬಾಲದ ಬುಡದಲ್ಲಿ ಎಲ್ಲಕ್ಕಿಂತ ಸಣ್ಣದು, ಕೂಸಿನ ಕೈಗೆ ಹಾಕುವಂಥದ್ದು, ಪೂರ್ತಿ ದುಂಡಗೆ. ಈ ಹಳದಿ ಗೆರೆಯವನು ಯಾವನೋ. ಅದೇ ಮೀನು ಮಾವ, ನೀವು ಇಲ್ಲದಾಗ ಬಣ್ಣ ಬದಲಾಯಿತು, ಅಂತ ಹೇಳಿದ್ದು ಸೊಸೆ ಲೀಲಾಕ್ಷಿ, ಅವಳು ಹೇಳುವಾಗ ಹಿಂದೆ ನಿಂತ ವಸಂತಿ ತಲೆ ಆಡಿಸಿದಳು, ಬಾಗಿಲ ಹತ್ತಿರ ನಿಂತ ಮಗ ಸುಖೇಶನೂ ತಲೆ ಆಡಿಸಿದ. ಹೆಂಡತಿ, ಮಗ, ಸೊಸೆ ಮೂವರೂ ಒಂದೇ ಮಾತಿಗೆ ಒಟ್ಟಿಗೆ ಹೂಂ ಅನ್ನುವುದು ಈ ಮನೆಯಲ್ಲಿ ಯಾವತ್ತಾದರೂ ಉಂಟಾ, ಸಾಂಬಾರಿಗೆ ಉಪ್ಪು ಸಾಕಾ ಬೇಕಾ ಎಂಬುದಕ್ಕೇ ಮೂರು ಅಭಿಪ್ರಾಯ ಇರುವ ಜನ.

ಮುಚ್ಚಿಡುವ ವಿದ್ಯೆಯನ್ನು ಮೋಹನದಾಸರಿಗೆ ಇವರು ಕಲಿಸಬೇಕಾ. ಕಾಯಿಲೆಯವರಿಗೆ, ಬಾಣಂತಿಗೆ, ದೂರ ಹೊರಟು ನಿಂತವರಿಗೆ ಕೆಟ್ಟ ಸುದ್ದಿ ಹೇಳುವ ಕ್ರಮ ತಮ್ಮಲ್ಲಿ ಮೊದಲಿನಿಂದಲೂ ಇಲ್ಲ, ಅದು ಸುಳ್ಳಲ್ಲ, ಪಥ್ಯ, ಬದನೆಕಾಯಿ ಬಡಿಸುವುದಿಲ್ಲವಲ್ಲ ಹಾಗೆ, ಗುಣವಾದ ಮೇಲೆ ಬಡಿಸಿದರಾಯಿತು. ಮಗಳು ಚಿತ್ರಾ ಹುಟ್ಟಿದಾಗ ಬಾಣಂತನ ಪುಣೆಯಲ್ಲೇ ಆದದ್ದು, ಆಗಲೇ ಊರಿನಲ್ಲಿ ವಸಂತಿಯ ಅಪ್ಪ ತೀರಿಕೊಂಡದ್ದು, ಅವಳು ಎದ್ದು ಓಡಾಡುವ ತನಕ ಆ ಸುದ್ದಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಯಾರು, ತಾನು ಮತ್ತು ಅಣ್ಣಯ್ಯ ಹರಿಶ್ಚಂದ್ರ. ಹೇಗೆ ಅಂತ ಹೇಳಿಕೊಟ್ಟವನೂ ಅಣ್ಣಯ್ಯನೇ. ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ, ನೋಡು ಮಾರಾಯ, ಕಣ್ಣು ನೋಡಬೇಡ, ಕುತ್ತಿಗೆ ನೋಡು, ಮಾತು ಗಿಡ್ಡ ಇರಲಿ, ಬರಿಗೈಯಲ್ಲಿ ಹೋಗಬೇಡ, ಹಾಲೋ ಹಣ್ಣೋ ಎಂತಾದರೂ ಹಿಡಿದುಕೊಂಡು ಹೋಗು, ತಿನ್ನಲಿಕ್ಕೆ ಕೊಟ್ಟವನು ಸುಳ್ಳು ಹೇಳ್ತಾನೆ ಅಂತ ಯಾರೂ ಎಣಿಸುವುದಿಲ್ಲ. ಹಾಲಿನ ಲೋಟ ಹಿಡಿದುಕೊಂಡು ಒಳಗೆ ಹೋದದ್ದು, ಅಪ್ಪನಿಗೆ ಹುಷಾರುಂಟು, ಮಗುವನ್ನು ಕೇಳಿದರು, ಅಂದದ್ದು, ವಸಂತಿ ನಕ್ಕು ಹಾಲು ಕುಡಿದದ್ದು. ಆಮೇಲೆ ಗೊತ್ತಾದ ದಿನ ಅವಳು ಅತ್ತದ್ದು ಅಪ್ಪನಿಗೋ ಆ ಹಾಲಿಗೋ, ಕೇಳುವ ಧೈರ್ಯ ತನಗೆ ಇವತ್ತಿನವರೆಗೂ ಬರಲಿಲ್ಲ.

ಹಾಗಾಗಿ ಇದೂ ಅದೇ ಪಥ್ಯ. ನೀರಿಗೆ ಉಪ್ಪು ಹೆಚ್ಚಾಯಿತೋ, ಕರೆಂಟು ಹೋಗಿ ಪಂಪು ನಿಂತಿತೋ, ಬಳೆ ಮೀನು ಸತ್ತಿತು, ಹೃದಯದ ಆಪರೇಷನ್ ಆದವನಿಗೆ ಹೇಳುವುದು ಹೇಗೆ, ಟೆಂಪೋದ ಶ್ಯಾಮನಿಗೆ ಹೇಳಿ ಮುಂಬಯಿಯಿಂದ ಬೇರೆಯದೊಂದು ತರಿಸಿದರು, ಅದೇ ಥರದ್ದು ಸಿಗಲಿಲ್ಲ, ಸಿಕ್ಕಿದ್ದು ಈ ಪಟ್ಟೆಯದ್ದು, ಬಣ್ಣ ಬದಲಾಯಿತು ಅಂತ ಕಥೆ ಕಟ್ಟಿದರು. ಸಿಟ್ಟಿಲ್ಲ. ಬೇರೆ ಯಾವುದೇ ಮೀನಾಗಿದ್ದರೆ ಮೋಹನದಾಸರು ತಾವೂ ಹೂಂ ಹೂಂ ಅಂದು ನಾಲ್ಕನೆಯ ತಲೆ ಆಡಿಸುತ್ತಿದ್ದರು. ಆದರೆ ಅದು ಅಣ್ಣಯ್ಯ ಕೊಟ್ಟ ಮೀನು. ದೇಹೂ ರೋಡಿನಲ್ಲಿ ಅಣ್ಣಯ್ಯನ ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ಮಿಲಿಟರಿ ಸಾಹೇಬರೊಬ್ಬರಿಗೆ ವರ್ಗವಾಯಿತಂತೆ, ಅಸ್ಸಾಮಿಗೋ ಎಲ್ಲಿಗೋ, ಮೀನು ಒಯ್ಯಲಿಕ್ಕೆ ಆಗುವುದಿಲ್ಲ ಅಂತ ಅಣ್ಣಯ್ಯನ ಕೈಗೆ ಕೊಟ್ಟರಂತೆ, ಅಣ್ಣಯ್ಯನಿಗೆ ಮೀನು ಅಂದರೆ ಬಾಣಲೆಯಲ್ಲಿ ಇರುವುದು ಮಾತ್ರ ಗೊತ್ತು. ಮುಂಬಯಿ ಬಂದರಿನಿಂದ ಪುಣೆಯ ಮಾರ್ಕೆಟ್ಟಿಗೆ ಬಂಗುಡೆ, ಅಂಜಲ್ ಮೀನು ಹೊತ್ತು ಬರುವ ಶ್ಯಾಮನ ಟೆಂಪೋ ಆ ದಾರಿಯಲ್ಲೇ ಬರುವುದಲ್ಲವಾ, ತನ್ನ ತೊಟ್ಟಿಗೆ ಕ್ಯಾನಿನಲ್ಲಿ ಸಮುದ್ರದ ನೀರು ತಂದು ಕೊಡುವವನೂ ಅವನೇ — ಪುಣೆಯಲ್ಲಿ ಎಲ್ಲ ಉಂಟು, ಸಮುದ್ರ ಒಂದು ಇಲ್ಲ, ಊರಿನಲ್ಲಿ, ಕಾಪಿನ ಕಡಲ ಕರೆಯಲ್ಲಿ ಹುಟ್ಟಿದವನಿಗೆ ಒಂದು ತೊಟ್ಟಿಯಷ್ಟಾದರೂ ಬೇಡವಾ — ಆ ಟೆಂಪೋದಲ್ಲಿ, ಇಡ್ಲಿ ಹಿಟ್ಟಿನ ದೊಡ್ಡ ಡಬ್ಬಿಯೊಳಗೆ, ನೀರು ತುಂಬಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ, ನೀಲಿ ಮರಿ. ಚೀಟಿ ಇಲ್ಲ, ಫೋನ್ ಇಲ್ಲ. ಸಾಹೇಬರ ವಿಷಯ ಆಮೇಲೆ ಯಾರೋ ಹೇಳಿ ಗೊತ್ತಾದದ್ದು, ಆ ದಿನ ಶ್ಯಾಮ ಹೇಳಿದ್ದು ಒಂದೇ ಮಾತು, ದೊಡ್ಡಣ್ಣ ಕೊಟ್ಟರು, ಶೇಠ್‌ಗೆ ಕೊಡು ಅಂದರು.

ಶೇಠ್‌ಗೆ ಕೊಡು. ಹೇಗೆ ಅಂದರು, ಶ್ಯಾಮ, ನಕ್ಕು ಅಂದರಾ, ಮುಖ ಗಂಟು ಹಾಕಿ ಅಂದರಾ, ಅಂತ ಆಗಲೇ ಕೇಳಿದ್ದು. ಅಂದರು ಅಷ್ಟೇ ಅಣ್ಣ, ನನಗೆಂತ ಗೊತ್ತು, ಗಾಡಿ ಚಾಲೂ ಇತ್ತು. ಆ ಒಂದು ಮಾತನ್ನು ಎರಡು ವರ್ಷ ಅಗಿದದ್ದಾಯಿತು, ಒಂದು ದಿನ ಅದು ಚುಚ್ಚು ಮಾತು ಅನಿಸುವುದು, ಇನ್ನೊಂದು ದಿನ, ಹೋಗಲಿ ತಮ್ಮ, ನೀನೇ ಶೇಠ್, ಅಂತ ಅವನು ಬಿಟ್ಟು ಕೊಟ್ಟದ್ದು ಅನಿಸುವುದು, ಫೋನ್ ಎತ್ತುವುದು, ಇಡುವುದು. ಚುಚ್ಚು ಮಾತಾಗಿದ್ದರೆ ತಾನು ಮೊದಲು ಫೋನ್ ಮಾಡುವುದು ಹೇಗೆ, ಬಿಟ್ಟು ಕೊಟ್ಟದ್ದಾಗಿದ್ದರೆ ಇಷ್ಟು ದಿನ ಮಾಡದೆ ಕೂತದ್ದು ಹೇಗೆ. ಸದಾಶಿವ ಪೇಠದಿಂದ ದೇಹೂ ರೋಡಿಗೆ ಎಷ್ಟು ದೂರ, ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಹೋಗಲಿಲ್ಲ. ಮೀನಿಗೆ ಸಿಗಡಿ ಕೊಚ್ಚಿ ಹಾಕುವುದು, ಅದು ಬೆರಳಿನ ಹಿಂದೆ ಗಾಜಿನುದ್ದಕ್ಕೂ ಬರುವುದು, ಹೊಟ್ಟೆ ತುಂಬಿದ ಮೇಲೆ ತಿರುಗಿ ಬಾಲದ ಬುಡದ ಆ ದುಂಡು ಬಿಳಿ ಬಳೆ ತೋರಿಸಿ ಹೋಗುವುದು, ಅದನ್ನು ನೋಡಿದಾಗೆಲ್ಲ ಅಣ್ಣಯ್ಯನ ಹತ್ತಿರ ಅರ್ಧ ಮಾತಾಡಿದ ಹಾಗೆ ಆಗುತ್ತಿತ್ತು, ಆ ಅರ್ಧದಲ್ಲೇ ಹೊಟ್ಟೆ ತುಂಬಿಸಿಕೊಂಡದ್ದು.

ಕೆಳಗೆ ರಿಕ್ಷಾ ಹಾರ್ನು, ಕ್ಲಾಸಿಗೆ ಹೋಗುವ ಹುಡುಗಿಯರ ಸ್ಕೂಟಿಗಳು, ಅದರ ಕೆಳಗೆ ತನ್ನ ಹೋಟೆಲಿನ ಸ್ಟೀಲ್ ತಟ್ಟೆಗಳ ಸದ್ದು, ಎಕ್ ಇಡ್ಲಿ ವಡಾ, ದೋನ್ ಚಹಾ. ಕಿವಿ ಆ ಸದ್ದಿಗೆ ಹೋಗುತ್ತದೆ, ಬೇಡ ಅಂದರೂ. ಇದೇ ಹೋಟೆಲಿನಲ್ಲಿ ಖಾಕಿ ಚಡ್ಡಿಯಲ್ಲಿ ಟೇಬಲ್ ಒರೆಸಿದ್ದು ತಾನು, ಗಲ್ಲಾದ ಮೇಲೆ ಬಿಳಿ ಅಂಗಿಯಲ್ಲಿ ಕೂತದ್ದು ಅಣ್ಣಯ್ಯ, ಬಿಳಿ ಅಂಗಿ ಅಂದರೆ ಶೇಠ್, ಬೇರೆ ಯಾರೂ ಹಾಕುವ ಹಾಗಿಲ್ಲ, ಅದೊಂದು ಶಿಸ್ತು. ಅವನಿಗೆ ಮದುವೆ ಇಲ್ಲ, ಮಕ್ಕಳಿಲ್ಲ, ಸುಖೇಶ ಹುಟ್ಟಿದ ಮೇಲೆ ಅವನನ್ನು ಗಲ್ಲಾದ ಮೇಲೆ ಕೂರಿಸಿಕೊಂಡು, ನೆತ್ತಿಯ ಸುಳಿಯಲ್ಲಿ ಬೆರಳಿಟ್ಟು ತಿರುಗಿಸುತ್ತಾ ಗಿರಾಕಿಗಳಿಗೆಲ್ಲ ಹೇಳುವುದು, ನೋಡಿ, ನನಗೆ ಕೊಳ್ಳಿ ಇಡುವವನು ಇವನೇ, ವಸಂತಿಗೆ ಆ ಮಾತು ಕೇಳಿದರೆ ಆಗುತ್ತಿರಲಿಲ್ಲ, ಭಾವ ಬೆಳಿಗ್ಗೆ ಬೆಳಿಗ್ಗೆ ಎಂತ ಮಾತಾಡ್ತಾರೆ ಅಂತ ಒಳಗೆ ಪಾತ್ರೆ ಕುಕ್ಕುವುದು. ಎಲ್ಲ ಚೆನ್ನಾಗಿಯೇ ಇತ್ತು. ತೊಂಬತ್ತೆರಡರಲ್ಲಿ ತನಗೂ ನಲವತ್ತೈದು ದಾಟಿತು, ಲಕ್ಷ್ಮೀ ರೋಡಿನ ದರ್ಜಿಯ ಹತ್ತಿರ ಒಂದು ಬಿಳಿ ಅಂಗಿ ಹೊಲಿಸಿಕೊಂಡದ್ದು, ಗಣಪತಿ ಹಬ್ಬಕ್ಕೆ ಹಾಕಿಕೊಂಡು ಗಲ್ಲಾದ ಪಕ್ಕ ನಿಂತದ್ದು, ಅಷ್ಟೇ. ಗಣಪತಿ ಮಂಡಳದ ಹುಡುಗರು ವರ್ಗಣಿಗೆ, ಅಂದರೆ ಚಂದಾಕ್ಕೆ, ಬಂದರು, ಇಬ್ಬರನ್ನೂ ನೋಡಿದರು, ಶೇಠ್ ಕೋಣ್ ಆಹೇತ, ಪಾವತಿ ಕುಣಾಲಾ ದ್ಯಾಯಚೀ, ಶೇಠ್ ಯಾರು, ರಸೀದಿ ಯಾರಿಗೆ, ಅಂತ ಕೇಳಿ ರಸೀದಿಯನ್ನು ತನ್ನ ಕೈಗೇ ಕೊಟ್ಟರು. ತಾನು ತೆಗೆದುಕೊಂಡದ್ದು. ಅಲ್ಲ ಅವರಿಗೆ ಕೊಡಿ ಅನ್ನಬಹುದಿತ್ತು. ಅಣ್ಣಯ್ಯ ಎದ್ದ, ಒಂದು ಗಲ್ಲಾಕ್ಕೆ ಎರಡು ಬಿಳಿ ಅಂಗಿ ಬೇಡ, ಅಂದ, ಟವೆಲು ಹೆಗಲಿಗೆ ಹಾಕಿದ, ಗಲ್ಲಾದ ಹಿಂದಿನ ಕೃಷ್ಣನ ಸಣ್ಣ ಪಟ ತೆಗೆದುಕೊಂಡ, ಹೊರಟ. ಹೋಟೆಲ್ ಪೂರ್ತಿ ತನಗೆ ಬಿಟ್ಟು ಹೋದ. ಮದುವೆ ಮುಂಜಿಯಲ್ಲಿ ಸಿಕ್ಕರೆ ಮಾತು ವಸಂತಿಯ ಮೂಲಕ, ನಿನ್ನ ಗಂಡನಿಗೆ ಹೇಳು, ನಿನ್ನ ಭಾವನಿಗೆ ಹೇಳು, ನಡುವೆ ನಿಂತು ಅವಳಿಗೆ ಸಾಕಾಗಿ ಹೋಗಿತ್ತು.

ಮಾವ, ಸ್ವಲ್ಪ ಕುರ್ಚಿ ಹಿಂದೆ ಮಾಡ್ತೀರಾ. ಲೀಲಾಕ್ಷಿ, ಕೈಯಲ್ಲಿ ಕೊಚ್ಚಿದ ಸಿಗಡಿಯ ಬಟ್ಟಲು, ಸ್ಟೂಲ್ ಹತ್ತಿ ಮುಚ್ಚಳ ತೆಗೆದು ಹಾಕುತ್ತಾಳೆ, ಹಳದಿ ಗೆರೆ ಹೊರಗೆ ಬಂತು, ತಿಂದಿತು, ಕುರ್ಚಿಯಲ್ಲಿ ಕೂತವರನ್ನು ನೋಡಿತು, ಮತ್ತೆ ಕಲ್ಲಿನ ಹಿಂದೆ. ನೋಡು, ನನ್ನ ಮೀನಾಗಿದ್ದರೆ ನನ್ನನ್ನು ನೋಡಿ ಓಡುತ್ತಿತ್ತಾ. ಲೀಲಾಕ್ಷಿ ಸ್ಟೂಲಿನ ಮೇಲೆಯೇ ನಿಂತು ಹೇಳಿದಳು, ನಿಮ್ಮ ಗುರುತು ಸಿಗಲಿಲ್ಲವೋ ಏನೋ ಮಾವ, ಈ ಸ್ವೆಟರು, ಈ ಮಂಕಿ ಟೋಪಿ, ಮೊದಲಿನ ಅರ್ಧ ಆಗಿದ್ದೀರಿ, ಮೊನ್ನೆ ಬಾಗಿಲು ತೆಗೆದಾಗ ನನಗೇ ಒಂದು ಕ್ಷಣ ಯಾರು ಅನಿಸಿತು. ಮೊದಲು ಬಾಲ ಹಳದಿ ಆದದ್ದು ಮಾವ, ಆಮೇಲೆ ಬಳೆಗಳು ನಡುನಡುವೆ ತುಂಡಾದವು, ಕಾಲು ತಾಗಿ ಅಳಿಸಿದ ರಂಗೋಲಿ ಇರುತ್ತದಲ್ಲ ಹಾಗೆ, ನನಗೆ ಹೆದರಿಕೆ, ಎಂತ ರೋಗವೋ ಅಂತ ಅತ್ತೇ ಬಿಟ್ಟೆ, ಶ್ಯಾಮಣ್ಣ ಮುಂಬಯಿಯ ಅಂಗಡಿಯಲ್ಲಿ ಕೇಳಿಕೊಂಡು ಬಂದರು, ರೋಗ ಅಲ್ಲ, ಪ್ರಾಯ ಬರುವುದು ಅಂದರಂತೆ. ಮೋಹನದಾಸರು ಕೇಳಿಸಿಕೊಂಡರು, ಒಳಗೊಳಗೇ ನಗು ಬಂತು, ಒಂದು ಸುಳ್ಳಿಗೆ ಇಷ್ಟು ವಿವರ ಬೇಕಾ ಮಗಾ, ಮಾತು ಗಿಡ್ಡ ಇಡಬೇಕು ಅಂತ ನಿನಗೆ ಯಾರೂ ಹೇಳಿಕೊಡಲಿಲ್ಲವಾ. ಅವಳದ್ದು ನಿಂತಿಲ್ಲ, ಚಿತ್ರಕ್ಕನ ಮನೆಯವರು ಕಂಪ್ಯೂಟರಿನಲ್ಲಿಯೂ ತೋರಿಸಿದರು, ದೊಡ್ಡ ಮೀನು ಇದ್ದ ಜಾಗಕ್ಕೆ ಅದೇ ಬಣ್ಣದ ಇನ್ನೊಂದು ಬಂದರೆ ಹೊಡೆದು ಓಡಿಸುತ್ತದಂತೆ, ಅದಕ್ಕೇ ಮರಿಗೆ ಬೇರೆ ಬಣ್ಣ, ಬೇರೆ ಚಿತ್ತಾರ, ಇದು ನನ್ನ ಪೈಕಿ ಅಲ್ಲ ಅಂತ ದೊಡ್ಡದು ಸುಮ್ಮನೆ ಬಿಡುತ್ತದಂತೆ, ಬೆಳೆದು ಅದೇ ಬಣ್ಣ ಬಂದ ದಿನ ಹೊಡೆದಾಟ. ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಬೆಳೆದು ಅದೇ ಬಣ್ಣ ಬಂದ ದಿನ. ಕಥೆ ಕಟ್ಟಿದರೂ ಎಂಥದ್ದು ಕಟ್ಟಿದಳು ಈ ಹುಡುಗಿ. ಖಾಕಿ ಚಡ್ಡಿಯಲ್ಲಿ ಇರುವ ತನಕ ಅಣ್ಣಯ್ಯ ತನ್ನನ್ನು ಒಂದು ಏಟು ಹೊಡೆದವನಲ್ಲ, ಜ್ವರ ಬಂದರೆ ಬೆನ್ನ ಮೇಲೆ ಹೊತ್ತು ಡಾಕ್ಟರ ಹತ್ತಿರ ಓಡಿದವನು, ಮೊದಲ ಸಂಬಳದಲ್ಲಿ ತನಗೆ ಚಪ್ಪಲಿ ತೆಗೆದು ಕೊಟ್ಟವನು. ಬಿಳಿ ಅಂಗಿ ನೋಡಿದ ದಿನ ಅವನ ಮುಖದಲ್ಲಿ ಇದ್ದದ್ದು ಸಿಟ್ಟು ಅಂತಲೇ ಹನ್ನೆರಡು ವರ್ಷ ತಿಳಿದುಕೊಂಡದ್ದು. ಆದರೆ ದೊಡ್ಡ ಮೀನು ಚಿಕ್ಕದನ್ನು ಓಡಿಸುತ್ತದೆ ಅಲ್ಲವಾ, ಇಲ್ಲಿ ದೊಡ್ಡವನೇ ಎದ್ದು ಹೋದನಲ್ಲ, ಜಾಗ ಬಿಟ್ಟು ಕೊಟ್ಟು ಹೋದನಲ್ಲ, ಹೊಡೆಯಲಿಕ್ಕೆ ಕೈ ಬಾರದೆ ಹೋದನಾ. ಇದು ಇಷ್ಟು ವರ್ಷ ಹೊಳೆಯಲಿಲ್ಲ. ಎದೆಯ ಹೊಲಿಗೆ ಎಳೆಯಿತು, ದಿಂಬು ಒತ್ತಿ ಹಿಡಿದರು.

ಆಪರೇಷನ್ ಹಿಂದಿನ ದಿನ ವಸಂತಿಗೆ ಹೇಳಿದ್ದು, ಅಣ್ಣಯ್ಯನಿಗೆ ನೀನಾಗಿ ಹೇಳಬೇಡ, ಗೊತ್ತಾಗಿ ಬಂದರೆ ಬರಲಿ. ಹೇಳಬೇಡ ಅಂದದ್ದು ಬಾಯಿ, ಬರಲಿ ಅಂದದ್ದು ಹೊಟ್ಟೆ. ಐಸಿಯುವಿನಿಂದ ಹೊರಗೆ ಬಂದ ಮೇಲೆ ವಸಂತಿ ಹೇಳಿದಳು, ಭಾವ ಬಂದಿದ್ದರು, ನಿಮಗೆ ಎಚ್ಚರ ಇರಲಿಲ್ಲ, ಒಳಗೆ ಬಿಡುವುದಿಲ್ಲವಲ್ಲ, ಗಾಜಿನ ಹೊರಗೆ ನಿಂತು ತುಂಬ ಹೊತ್ತು ನೋಡಿದರು, ಅವನು ಎದ್ದು ನಡೆಯಲಿ, ಆಮೇಲೆ ನಾನೇ ಸರಿಯಾಗಿ ಬಯ್ಯುತ್ತೇನೆ, ಅಂದರು. ಬಯ್ಯುತ್ತೇನೆ ಅಂದದ್ದು ಅವನೇ ಸರಿ, ಆ ಮಾತು ಹುಟ್ಟಿಸಲಿಕ್ಕೆ ವಸಂತಿಗೆ ಬರುವುದಿಲ್ಲ. ಇಲ್ಲಿ ಲಿಫ್ಟ್ ಇಲ್ಲ ಅಂತ ಖರಾಡಿಯಲ್ಲಿ ಚಿತ್ರಾಳ ಹೊಸ ಫ್ಲ್ಯಾಟಿಗೆ ಒಯ್ದರು, ಸುತ್ತ ಗಾಜಿನ ಆಫೀಸುಗಳು, ಕುತ್ತಿಗೆಗೆ ಆಫೀಸಿನ ಗುರುತುಚೀಟಿಯ ಪಟ್ಟಿ ಹಾಕಿಕೊಂಡು ಓಡಾಡುವ ಮಕ್ಕಳು, ಲಿಫ್ಟಿನ ಬಾಗಿಲು ಟಿಂಗ್ ಅಂದಾಗೆಲ್ಲ ಬಂದನಾ ಅಂತ ನೋಡುವುದು. ಮೊಣಕಾಲು ನೋವಂತೆ, ನಿಧಾನಕ್ಕೆ ಬರುತ್ತಾರೆ, ಅಂದಳು ಚಿತ್ರಾ. ಒಂದು ತಿಂಗಳು ಅಂದದ್ದು ಎರಡಾಯಿತು, ಮನೆಗೆ ಹೋಗುತ್ತೇನೆ ಅಂದರೆ ಡಾಕ್ಟರು ಇನ್ನೊಂದು ತಿಂಗಳು ಇರಲಿ ಅಂದಿದ್ದಾರೆ ಪಪ್ಪ, ಅದು ಮೂರಾಯಿತು, ನಾಲ್ಕಾಗುತ್ತಾ ಬಂತು. ವಸಂತಿ ಸ್ವಲ್ಪ ದಿನ ಈ ಕಡೆ ಬಂದು ಇದ್ದಳು, ಮನೆ ಸುಣ್ಣ ಮಾಡಿಸುವುದುಂಟು ಅಂತ. ಆಗ ಚಿತ್ರಾಳ ಅಡುಗೆಯಲ್ಲಿ ಮೀನು ನಿಂತಿತು, ಕೊಲೆಸ್ಟ್ರಾಲ್ ಪಪ್ಪ. ಬರೀ ತಿಳಿಸಾರು, ತೊಂಡೆಕಾಯಿ. ತನಗಾಗಿ ಎಲ್ಲರೂ ನಾಲಗೆ ಕಟ್ಟಿ ಕೂತಿದ್ದಾರೆ ಅಂತ ಕಣ್ಣು ಒದ್ದೆಯಾದದ್ದು.

ಸುಖೇಶನದ್ದಂತೂ ಎಣಿಸಿಯೇ ಇರಲಿಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಕಾಯುತ್ತೇನೆ ಅಂತ ನಿಲ್ಲುವ ಜಾತಿ ಅವನು. ಒಂದು ದಿನ ಖರಾಡಿಗೆ ಬಂದ, ತಲೆ ನುಣ್ಣಗೆ, ಮೀಸೆಯೂ ಇಲ್ಲ, ಕೈಯಲ್ಲಿ ಲಡ್ಡು, ತಿರುಪತಿಗೆ ಹೋಗಿದ್ದೆ ಪಪ್ಪ, ಹರಕೆ ಇತ್ತು, ಅಂದ. ಅಷ್ಟೇ ಅಂದದ್ದು. ತನಗೋಸ್ಕರ ಮಗ ಮುಡಿ ಕೊಟ್ಟು ಬಂದ ಅಂತ ಎದೆ ತುಂಬಿ, ಹೊಲಿಗೆ ನೋಯುವುದನ್ನೂ ಮರೆತು, ಹತ್ತಿರ ಕರೆದು ಬೋಳು ತಲೆಯ ಮೇಲೆ ಕೈ ಆಡಿಸಿದ್ದು, ಲಡ್ಡು ಪೂರ್ತಿ ತಿಂದದ್ದು, ಸಕ್ಕರೆ ಬೇಡ ಅಂದರೂ ಕೇಳದೆ. ಇಂಥ ಮನೆಯವರು ಒಂದು ಮೀನಿಗೆ ಸುಳ್ಳು ಹೇಳಿದರೆ ಏನಾಯಿತು ಅಂತ ಬಿಟ್ಟು ಬಿಡಬಹುದು, ಬಿಡಬಹುದಿತ್ತು, ಆದರೆ ಅಣ್ಣಯ್ಯನ ಎದುರು ಹೋಗಿ ಕೂತಾಗ ಅವನು ಕೇಳುವ ಮೊದಲ ಪ್ರಶ್ನೆ ಅದೇ ಇರುತ್ತದೆ, ಮೀನು ಹೇಗುಂಟು. ಸತ್ತಿತು ಅನ್ನುವುದಾ. ಉಂಟು ಅಂದು ಸುಳ್ಳು ಹೇಳುವುದಾ. ಇಷ್ಟು ವರ್ಷದ ಮೇಲೆ ಮೊದಲ ಮಾತೇ ಸುಳ್ಳಾದರೆ ಆಮೇಲಿನದ್ದೆಲ್ಲ ಯಾವ ಮುಖದಲ್ಲಿ ಆಡುವುದು. ಆದರೂ ಹೋಗಲೇಬೇಕು, ಎದೆ ಸೀಳಿ ಹೊಲಿದ ಮೇಲೆ ಇನ್ನು ಯಾವ ಮಾನ ಉಳಿಸಿಕೊಳ್ಳಲಿಕ್ಕೆ ಕಾಯುವುದು, ಇವತ್ತೇ ಹೋಗಬೇಕು, ಶೇಠ್‌ಗೆ ಕೊಡು ಅಂದೆಯಲ್ಲ, ಹೇಗೆ ಅಂದದ್ದು, ಅಂತ ಬಾಯಿ ಬಿಟ್ಟು ಕೇಳಿ ಬಿಡಬೇಕು.

ವಸಂತಿ, ನನ್ನ ಬಿಳಿ ಅಂಗಿ ಕೊಡು. ಅಡುಗೆಮನೆಯಿಂದಲೇ ವಸಂತಿ ಕೇಳಿದಳು. ಯಾಕೆ, ಕೆಳಗೆ ಹೋಗಲಿಕ್ಕಾ, ಬೇಡ, ಇನ್ನೊಂದು ವಾರ ಮೆಟ್ಟಿಲು ಇಳಿಯಬಾರದು ಅಂದಿದ್ದಾರೆ, ಜನ ಎಲ್ಲ ಬಂದು ಮಾತಾಡಿಸುತ್ತಾರೆ, ನಿಮಗೆ ಆಯಾಸ. ಕೆಳಗೆ ಅಲ್ಲ ಮಾರಾಯ್ತಿ, ಸುಮ್ಮನೆ ಹಾಕಿ ನೋಡ್ತೇನೆ, ಮನುಷ್ಯನ ಹಾಗೆ ಕಾಣ್ತೇನಾ ಅಂತ. ತಂದಳು. ಇಸ್ತ್ರಿಯ ಗೆರೆ ಹಾಗೇ ಇದೆ. ಮಂಕಿ ಟೋಪಿ ತೆಗೆದು, ಸ್ವೆಟರು ಕಳಚಿ, ಒಂದೊಂದೇ ಗುಂಡಿ ಹಾಕಿಕೊಂಡರು, ಭುಜ ಇಳಿದಿದೆ, ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಯುತ್ತದೆ, ಇರಲಿ. ಎದ್ದು ನಿಂತರು, ತೊಟ್ಟಿಯ ಗಾಜಿನಲ್ಲಿ ತನ್ನದೇ ಬಿಳಿ ಕಾಣುತ್ತಿದೆ, ಆ ಬಿಳಿಯ ಒಳಗಿನಿಂದ — ಹಳದಿ, ನೀಲಿ, ಹಳದಿ — ಕಲ್ಲು ಬಿಟ್ಟು ಮುಂದೆ ಬಂತು, ನೇರ ಎದೆಯ ಮಟ್ಟಕ್ಕೆ, ಗಾಜಿಗೆ ಮೂತಿ ತಾಗಿಸಿ ನಿಂತಿತು. ಬೆರಳು ಎತ್ತಿ ಗಾಜಿನ ಮೇಲೆ ಇಟ್ಟರು, ಬಲಕ್ಕೆ ಎಳೆದರು, ಅದು ಬಲಕ್ಕೆ ಬಂತು, ಎಡಕ್ಕೆ ಎಳೆದರು, ಎಡಕ್ಕೆ ಬಂತು. ತಿರುಗು, ಒಮ್ಮೆ ತಿರುಗು ನೋಡುವಾ, ಅಂತ ಬಾಯಲ್ಲೇ ಅಂದರು, ಅದು ಯಾವಾಗಿನ ಹಾಗೆ ಮೈ ಹೊರಳಿಸಿ ಹೊರಟಾಗ, ಕಿಟಕಿಯ ಬಿಸಿಲು ಬಿದ್ದ ಆ ಬದಿಯಲ್ಲಿ, ಬಾಲದ ಬುಡದಲ್ಲಿ, ಹಳದಿ ಗೆರೆಗಳ ಅಡಿಯಲ್ಲಿ, ಮಾಸಿದ್ದು, ಆದರೆ ಒಂದು ಕಡೆಯೂ ತುಂಡಾಗದೆ ಪೂರ್ತಿ ದುಂಡಗೆ, ಕೂಸಿನ ಬಳೆ. ಬಿಳಿ ಬಳೆ. ಇದ್ದೀಯಾ. ನೀನೇನಾ.

ಲೀಲಾಕ್ಷಿ, ಬಾ ಇಲ್ಲಿ, ತಪ್ಪಾಯಿತು ಮಗಾ, ನೀನು ಹೇಳಿದ್ದು ನಾನು ನಂಬಲೇ ಇಲ್ಲ, ನಿನ್ನನ್ನು ಸುಳ್ಳಿ ಮಾಡಿಟ್ಟೆ ಮನಸ್ಸಿನಲ್ಲಿ. ಅಯ್ಯೋ ಮಾವ, ನೀವು ಅಳ್ತೀರಾ, ಕೂತುಕೊಳ್ಳಿ. ಅಳುವುದಲ್ಲ ಇದು, ಕಣ್ಣು ಸುಮ್ಮನೆ ಹರಿಯುತ್ತದೆ, ಎಷ್ಟು ಹಗುರ, ನಾಲ್ಕು ತಿಂಗಳಲ್ಲಿ ಇಷ್ಟು ಹಗುರ ಆಗಿರಲಿಲ್ಲ. ಮೀನು ನಿಜ ಅಂದರೆ ಎಲ್ಲ ನಿಜ, ಗಾಜಿನ ಹೊರಗೆ ಅವನು ನಿಂತದ್ದು ನಿಜ, ಬಯ್ಯುತ್ತೇನೆ ಅಂದದ್ದು ನಿಜ, ಮೊಣಕಾಲು ನೋವು ನಿಜ, ಪಾಪ ಈ ಜನ, ಒಂದೂ ಸುಳ್ಳು ಹೇಳದ ಜನ, ಮುದುಕನಿಗೆ ಕಾಯಿಲೆ ಬಂದದ್ದು ಎದೆಗಲ್ಲ, ತಲೆಗೆ. ಅಣ್ಣಯ್ಯ, ನಿನ್ನ ಮೀನು ಉಂಟು, ಶೇಠ್ ಆಗಿದೆ ಅದೂ, ನಿನ್ನ ಕಾಲದ ಬಳೆ ಒಂದು ಇಟ್ಟುಕೊಂಡಿದೆ, ಬಂದು ನೋಡು, ಅಂತ ಮೊದಲ ಮಾತು, ಅವನು ಬಯ್ಯಲಿ, ಹನ್ನೆರಡು ವರ್ಷದ್ದು ಒಟ್ಟಿಗೆ ಬಯ್ಯಲಿ, ಅವನ ಹೋಟೆಲಿನ ಬೆಂಚಿನಲ್ಲಿ ಕೂತು ಅವನ ಕೈಯ ಚಹಾ ಕುಡಿದುಕೊಂಡು ಬಯ್ಸಿಕೊಳ್ಳುವುದು. ಸುಖೇಶ, ಹೋಟೆಲಿನಿಂದ ಮೇಲೆ ಬಂದೆಯಾ, ಒಳ್ಳೆಯದಾಯಿತು, ಕಾರು ತೆಗಿ, ದೇಹೂ ರೋಡಿಗೆ ಹೋಗುವಾ, ದೊಡ್ಡಪ್ಪನ ಹತ್ತಿರ, ಈಗಲೇ, ಅಂಗಿ ಹೇಗೂ ಹಾಕಿಯಾಗಿದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಲೀಲಾಕ್ಷಿ ತೊಟ್ಟಿಯ ಮುಚ್ಚಳ ಸರಿ ಇದ್ದದ್ದನ್ನೇ ಇನ್ನೊಮ್ಮೆ ಸರಿ ಮಾಡಿದಳು. ಬಿಸಿಲು ಹೆಚ್ಚುಂಟು ಪಪ್ಪ, ನಾಳೆ ಹೋಗುವಾ, ಅಂದ ಸುಖೇಶ. ಇವತ್ತೇ. ಚಪ್ಪಲಿ ಕೊಡು. ಸುಖೇಶ ಬಾಗಿಲ ಹಿಂದಿನಿಂದ ಚಪ್ಪಲಿ ತಂದ, ಬಗ್ಗಬಾರದಲ್ಲ ಪಪ್ಪನಿಗೆ, ತಾನೇ ಬಗ್ಗಿ ಕಾಲಿನ ಹತ್ತಿರ ಇಟ್ಟ, ಒಂದು ಕಾಲಿಗೆ ತೊಡಿಸಿದ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡ, ತೊಡಿಸಲಿಲ್ಲ, ತಲೆ ಎತ್ತಲಿಲ್ಲ. ಏನಾಯಿತು, ತೊಡಿಸು. ಮೇಲಿನಿಂದ ಮಗನ ನೆತ್ತಿ, ಹೊಸ ಕೂದಲು ಬೆರಳ ಉಗುರಿನಷ್ಟು, ಕಪ್ಪು, ಸುತ್ತ ತಿರುಗಿ ತಿರುಗಿ ಬಂದು ನಡುವೆ ಒಂದು ಕಡೆ ನಿಂತಿದೆ, ಅಲ್ಲಿ ಚರ್ಮ ಕಾಣುತ್ತದೆ, ಬಿಳಿ, ದುಂಡಗೆ. ಅಣ್ಣಯ್ಯನ ಬೆರಳು ಇರುತ್ತಿದ್ದ ಜಾಗ. ನೋಡಿ, ನನಗೆ ಕೊಳ್ಳಿ ಇಡುವವನು — ತಿರುಪತಿ, ಹರಕೆ, ಮಾತು ಗಿಡ್ಡ ಇತ್ತು. ಕೈಯಲ್ಲಿ ಲಡ್ಡು ಇತ್ತು. ಕಣ್ಣು ನೋಡಲಿಲ್ಲ ಹುಡುಗ, ಕುತ್ತಿಗೆ ನೋಡಿದ. ಪೂರ್ತಿ ತಿಂದೆ, ಬೆರಳು ನೆಕ್ಕಿ ತಿಂದೆ. ಮೀನು ಮಾಡಲಿಲ್ಲ ಚಿತ್ರಾ. ಸುಣ್ಣ ಮಾಡಿಸುವುದುಂಟು ಅಂದಳು ವಸಂತಿ, ಈ ಗೋಡೆಗೆ ಸುಣ್ಣ ಎಲ್ಲಿ, ಅದೇ ಹಳೆಯ ಗೋಡೆ, ಮೊನ್ನೆಯಿಂದ ಎದುರಿಗೇ ಇದೆ. ಗಾಜಿನ ಹೊರಗೆ ನಿಂತದ್ದು, ಅದು ನಿಜವಾ, ಅದೊಂದಾದರೂ, ಯಾರನ್ನು ಕೇಳುವುದು, ಮೂರು ತಲೆ ಒಟ್ಟಿಗೆ ಹೂಂ ಅನ್ನುತ್ತವೆ. ಶೇಠ್‌ಗೆ ಕೊಡು, ಹೇಗೆ ಅಂದೆ, ಗಾಡಿ ಚಾಲೂ ಇತ್ತು. ಚಪ್ಪಲಿ ಹಿಡಿದ ಕೈ ಅಲುಗುತ್ತಿಲ್ಲ, ತಲೆ ಏಳುತ್ತಿಲ್ಲ, ಕಪ್ಪು ಕೂದಲಿನ ನಡುವೆ ಆ ಬಿಳಿ, ಬಿಳಿ, ದುಂಡಗೆ, ಎಲ್ಲಿಯೂ ತುಂಡಾಗದ್ದು, ಬಿಳಿ —